ಕಾದಂಬರಿ, ಚಲಚ್ಚಿತ್ರ ಮತ್ತು ಗಡಿನಾಡಿನ ಓದು

ಓದುವ ಹವ್ಯಾಸ ಕುಗ್ಗುತ್ತಿದೆ, ಅದಕ್ಕೆ ಸಿನಿಮಾವೇ ಮೂಲಕಾರಣ ಎಂಬ ಮಾತು ಉಪಾಧ್ಯಾಯರ ಸಭೆಗಳಲ್ಲಿ ಬಹುಕಾಲದಿಂದ ಕೇಳಿಬರುತ್ತಿದೆ. ಮೊದಲು ಚಿತ್ರಮಂದಿರವನ್ನು ದೂರಿದೆವು, ಅನಂತರ ದೂರದರ್ಶನವನ್ನು, ಈಗ ಮೊಬೈಲನ್ನು ದೂರುತ್ತಿದ್ದೇವೆ. ದೂರು ಮಾತ್ರ ಅದೇ. ಆದರೆ ದೂರಿನಿಂದ ವಿಷಯ ಇತ್ಯರ್ಥವಾಗುವುದಿಲ್ಲ. ಪುಸ್ತಕಕ್ಕೂ ಚಲಚ್ಚಿತ್ರಕ್ಕೂ ಇರುವ ಸಂಬಂಧ ಯಾವ ಬಗೆಯದು, ಒಂದು ಇನ್ನೊಂದನ್ನು ನುಂಗುತ್ತದೆಯೆ ಅಥವಾ ಪೋಷಿಸುತ್ತದೆಯೆ, ಈ ನಡುವೆ ನಮ್ಮ ಓದಿನ ರೀತಿ ಹೇಗೆ ಬದಲಾಯಿತು ಎಂಬುದನ್ನು ಸಾವಧಾನವಾಗಿ ವಿಚಾರಿಸುವುದು ಒಳ್ಳೆಯದು. ಕರ್ನಾಟಕದ ಒಳನಾಡಿನಲ್ಲಿ ಇದು ಅಭಿರುಚಿಯ ಪ್ರಶ್ನೆ. ಗಡಿಯಾಚೆಯ ಕನ್ನಡಿಗರಾದ ನಮಗೆ ಇದು ಅಷ್ಟಕ್ಕೇ ಮುಗಿಯುವುದಿಲ್ಲ. ಕನ್ನಡದ ಅಕ್ಷರ ಮುಂದಿನ ತಲೆಮಾರಿಗೆ ಉಳಿಯುವುದೆ ಎಂಬ ಪ್ರಶ್ನೆಯೂ ಇದರೊಡನೆ ಹೆಣೆದುಕೊಂಡಿದೆ.

ಹಿಂದೆ ಓದು ಎಂದರೆ ಏನಾಗಿತ್ತು?

ಒಬ್ಬರು ಒಂಟಿಯಾಗಿ ಕುಳಿತು ಮನಸ್ಸಿನಲ್ಲೇ ಓದಿಕೊಳ್ಳುವ ಪದ್ಧತಿ ನಮ್ಮಲ್ಲಿ ಬಹಳ ಹಳೆಯದಲ್ಲ. ಜೈಮಿನಿ ಭಾರತವನ್ನೋ ಕುಮಾರವ್ಯಾಸನ ಭಾರತವನ್ನೋ ಒಬ್ಬರು ರಾಗವಾಗಿ ಓದುವುದು, ಇನ್ನೊಬ್ಬರು ಅರ್ಥ ಹೇಳುವುದು, ಊರಿನವರು ಜಗಲಿಯ ತುಂಬ ಕುಳಿತು ಕೇಳುವುದು, ಇದು ನಮ್ಮ ಹಿರಿಯರು ಬಲ್ಲ ಓದು. ಅಕ್ಷರ ಬಲ್ಲವನು ಒಬ್ಬನಾದರೂ ಕಾವ್ಯವನ್ನು ಬಲ್ಲವರು ನೂರು ಮಂದಿ ಇರುತ್ತಿದ್ದರು. ಕಾಸರಗೋಡಿನ ಕಡೆಯ ತಾಳಮದ್ದಳೆ ಈ ಪದ್ಧತಿಯ ಇನ್ನೊಂದು ರೂಪ. ಅಲ್ಲಿ ಪ್ರಸಂಗದ ಪದ್ಯಗಳು ಗೊತ್ತಾದವು, ಬದಲಾಗದವು. ಅರ್ಥಧಾರಿಯ ಮಾತು ಮಾತ್ರ ಪ್ರತಿರಾತ್ರಿಯೂ ಹೊಸದು. ಕುಂಬಳೆಯ ಪಾರ್ತಿಸುಬ್ಬನ ಹೆಸರಿನಲ್ಲಿ ಪ್ರಸಿದ್ಧವಾದ ರಾಮಾಯಣ ಪ್ರಸಂಗಗಳಿಗೆ ಎಷ್ಟು ಮಂದಿ ಎಷ್ಟು ಬಗೆಯಾಗಿ ಅರ್ಥ ಹೇಳಿದ್ದಾರೆ! ಅದರಿಂದ ಗ್ರಂಥ ಕೆಟ್ಟಿತೆಂದು ಯಾರೂ ದೂರಲಿಲ್ಲ. ಒಳ್ಳೆಯ ಅರ್ಥಧಾರಿ ಮಾತಿಗೆ ನಿಲ್ಲುವ ಮೊದಲು ಹಲವು ಗ್ರಂಥಗಳನ್ನು ತಿರುವಿಹಾಕಿ ಬರುತ್ತಿದ್ದನು. ಅಂದರೆ ಪ್ರದರ್ಶನವು ಓದಿನ ಬೆನ್ನ ಮೇಲೆಯೇ ನಿಂತಿತ್ತು. ಪ್ರದರ್ಶನವನ್ನು ಕಂಡವರಲ್ಲಿ ಕೆಲವರು ಓದಿಗೂ ಮರಳುತ್ತಿದ್ದರು.

ಅಚ್ಚಿನ ಪುಸ್ತಕ ಅಗ್ಗವಾದಂತೆ ಮೌನವಾದ ಓದು ಬೆಳೆಯಿತು. ಅ. ನ. ಕೃಷ್ಣರಾಯರು, ತ. ರಾ. ಸುಬ್ಬರಾಯರು ಮೊದಲಾದವರ ಕಾದಂಬರಿಗಳು ಕೈಯಿಂದ ಕೈಗೆ ಹೋದವು. ವಾರಪತ್ರಿಕೆಗಳು ಕಾದಂಬರಿಗಳನ್ನು ಧಾರಾವಾಹಿಯಾಗಿ ಪ್ರಕಟಿಸತೊಡಗಿದ ಮೇಲೆ ಮನೆಯ ಹೆಣ್ಣುಮಕ್ಕಳು ಮುಂದಿನ ಕಂತಿಗಾಗಿ ಕಾಯುವುದು ರೂಢಿಯಾಯಿತು. ತ್ರಿವೇಣಿ, ಎಂ. ಕೆ. ಇಂದಿರಾ ಅವರಂಥ ಲೇಖಕಿಯರಿಗೆ ಇಂಥ ಮನೆಗಳಲ್ಲೇ ದೊಡ್ಡ ಓದುಗವರ್ಗ ದೊರಕಿತು. ಚಲಚ್ಚಿತ್ರದವರ ಕಣ್ಣು ಬಿದ್ದದ್ದು ಈ ಓದುಗವರ್ಗದ ಮೇಲೆಯೇ.

ಕಾದಂಬರಿ ತೆರೆಗೆ ಬಂದ ಬಗೆ

೧೯೩೪ರ ‘ಸತಿ ಸುಲೋಚನ’ದಿಂದ ಕನ್ನಡದ ವಾಕ್ಚಿತ್ರ ಆರಂಭವಾಯಿತು. ಮೊದಲ ದಶಕಗಳಲ್ಲಿ ಅದಕ್ಕೆ ಕಥೆಯನ್ನು ಕೊಟ್ಟದ್ದು ಪುರಾಣ ಮತ್ತು ವೃತ್ತಿರಂಗಭೂಮಿ. ೧೯೫೪ರ ‘ಬೇಡರ ಕಣ್ಣಪ್ಪ’ ಕೂಡ ಗುಬ್ಬಿ ಕಂಪೆನಿಯ ರಂಗದಿಂದಲೇ ತೆರೆಗೆ ಬಂದದ್ದು. ಕೃಷ್ಣಮೂರ್ತಿ ಪುರಾಣಿಕರ ‘ಧರ್ಮದೇವತೆ’ಯನ್ನು ಆಧರಿಸಿ ೧೯೬೨ರಲ್ಲಿ ‘ಕರುಣೆಯೇ ಕುಟುಂಬದ ಕಣ್ಣು’ ಬಂದ ಮೇಲೆ ಕಾದಂಬರಿಯ ಕಡೆಗೆ ದಾರಿ ತೆರೆಯಿತು. ೧೯೬೬ರಲ್ಲಿ ಅ. ನ. ಕೃ. ಅವರ ‘ಸಂಧ್ಯಾರಾಗ’, ೧೯೬೭ರಲ್ಲಿ ತ್ರಿವೇಣಿಯವರ ‘ಬೆಳ್ಳಿಮೋಡ’, ೧೯೬೯ರಲ್ಲಿ ಎಂ. ಕೆ. ಇಂದಿರಾ ಅವರ ‘ಗೆಜ್ಜೆಪೂಜೆ’, ೧೯೭೧ರಲ್ಲಿ ‘ಶರಪಂಜರ’, ೧೯೭೨ರಲ್ಲಿ ಟಿ. ಕೆ. ರಾಮರಾಯರ ‘ಬಂಗಾರದ ಮನುಷ್ಯ’ ತೆರೆಯ ಮೇಲೆ ಬಂದವು. ತ್ರಿವೇಣಿಯವರು ೧೯೬೩ರಲ್ಲಿಯೇ ತೀರಿಕೊಂಡಿದ್ದರು. ತಮ್ಮ ಕಾದಂಬರಿಗಳು ಪಡೆದ ಈ ಎರಡನೆಯ ಬಾಳನ್ನು ಅವರು ಕಾಣಲಿಲ್ಲ. ಇನ್ನೊಂದು ಧಾರೆಯಲ್ಲಿ ಯು. ಆರ್. ಅನಂತಮೂರ್ತಿಯವರ ‘ಸಂಸ್ಕಾರ’ (೧೯೭೦), ಶ್ರೀಕೃಷ್ಣ ಆಲನಹಳ್ಳಿಯವರ ‘ಕಾಡು’ (೧೯೭೩), ಶಿವರಾಮ ಕಾರಂತರ ‘ಚೋಮನ ದುಡಿ’ (೧೯೭೫) ಬಂದವು.

ನಮ್ಮ ನೆರೆಭಾಷೆಗಳಲ್ಲಿಯೂ ಇದೇ ನಡೆ. ಸಾನೆ ಗುರೂಜಿಯವರು ೧೯೩೩ರಲ್ಲಿ ನಾಸಿಕದ ಸೆರೆಮನೆಯಲ್ಲಿ ಬರೆದ ‘ಶ್ಯಾಮಚೀ ಆಈ’ಯನ್ನು ಆಚಾರ್ಯ ಅತ್ರೆಯವರು ೧೯೫೩ರಲ್ಲಿ ಚಿತ್ರವಾಗಿಸಿದರು, ರಾಷ್ಟ್ರಪತಿಗಳ ಸ್ವರ್ಣಪದಕದ ಮೊಟ್ಟಮೊದಲ ಗೌರವ ಆ ಚಿತ್ರಕ್ಕೆ ಸಂದಿತು. ತಕಳಿ ಶಿವಶಂಕರ ಪಿಳ್ಳೆಯವರ ೧೯೫೬ರ ‘ಚೆಮ್ಮೀನ್’ ಆಧರಿಸಿದ ೧೯೬೫ರ ಮಲೆಯಾಳ ಚಿತ್ರಕ್ಕೂ, ಕನ್ನಡದ ‘ಸಂಸ್ಕಾರ’ಕ್ಕೂ ಅದೇ ಪದಕ ದೊರೆಯಿತು. ಮರಾಠಿ, ಮಲೆಯಾಳ, ಕನ್ನಡ ಈ ಮೂರು ಭಾಷೆಗಳಲ್ಲಿಯೂ ಚಲಚ್ಚಿತ್ರಕ್ಕೆ ರಾಷ್ಟ್ರದ ಉನ್ನತ ಗೌರವ ತಂದುಕೊಟ್ಟದ್ದು ಪುಸ್ತಕವೆಂಬುದನ್ನು ಮರೆಯಬಾರದು. ಸಾಲ ಕೊಟ್ಟದ್ದು ಪುಸ್ತಕ, ಪಡೆದದ್ದು ಚಿತ್ರ.

ದಾಟುವಾಗ ಉಳಿಯುವುದು, ಬಿಟ್ಟುಹೋಗುವುದು

ಕಾದಂಬರಿಯನ್ನು ತೆರೆಗೆ ತಂದಾಗ ಮೂಲದ ಎಲ್ಲವೂ ಬರಲಾರದು. ಕಾರಣ ಸ್ಪಷ್ಟ. ಓದಲು ಹತ್ತು ಗಂಟೆ ಬೇಕಾಗುವ ಕೃತಿಯನ್ನು ಎರಡೂವರೆ ಗಂಟೆಯಲ್ಲಿ ತೋರಿಸಬೇಕು. ಓದುಗ ಬೇಕಾದಲ್ಲಿ ನಿಲ್ಲಬಹುದು, ಹಿಂದಕ್ಕೆ ಹೋಗಬಹುದು, ಪುಸ್ತಕ ಮಡಿಸಿ ಯೋಚಿಸಬಹುದು. ಚಿತ್ರಮಂದಿರದಲ್ಲಿ ಕುಳಿತವನಿಗೆ ಆ ಸ್ವಾತಂತ್ರ್ಯವಿಲ್ಲ. ಕಾಲ ತೆರೆಯ ವಶದಲ್ಲಿರುತ್ತದೆ. ಪುಸ್ತಕ ಮನಸ್ಸಿನ ಒಳಗನ್ನು ನೇರವಾಗಿ ಹೇಳಬಲ್ಲುದು. ಚಿತ್ರವು ಮುಖ, ನಡೆ, ಧ್ವನಿ, ಬೆಳಕುಗಳ ಮೂಲಕ ಅದನ್ನು ಹೊರಗೆ ತರಬೇಕು.

‘ಸಂಸ್ಕಾರ’ವನ್ನೇ ನೋಡೋಣ. ನಾರಣಪ್ಪನ ಶವಸಂಸ್ಕಾರ ಮಾಡುವವರಾರು ಎಂಬ ಪ್ರಶ್ನೆಯಿಂದ ಹುಟ್ಟಿದ ಪ್ರಾಣೇಶಾಚಾರ್ಯರ ಒಳತೋಟಿ ಕಾದಂಬರಿಯಲ್ಲಿ ಪುಟಗಟ್ಟಲೆ ನಡೆಯುತ್ತದೆ. ಓದುಗ ಅವರ ತಲೆಯೊಳಗೇ ಕುಳಿತಿರುತ್ತಾನೆ. ಚಿತ್ರದಲ್ಲಿ ನಮಗೆ ಕಾಣುವುದು ದಾರಿ ನಡೆಯುತ್ತಿರುವ ಒಬ್ಬ ಮನುಷ್ಯ ಮತ್ತು ಅವನ ಮುಖ. ಇದು ನ್ಯೂನತೆಯೆಂದಲ್ಲ, ಆ ಮುಖದಲ್ಲಿಯೂ ಬಹಳ ಸಂಗತಿಗಳಿವೆ. ಆದರೆ ಅದನ್ನು ಓದಬಲ್ಲವನು ಕಾದಂಬರಿಯ ವಾಕ್ಯಗಳನ್ನು ಒಮ್ಮೆ ಓದಿದವನೇ ಎಂಬುದು ಅನೇಕ ಸಹೃದಯರ ಅನುಭವ.

‘ಚೋಮನ ದುಡಿ’ಯಲ್ಲಿ ಇದಕ್ಕೆ ವಿರುದ್ಧವಾದ ಲಾಭ ಕಾಣುತ್ತದೆ. ೧೯೩೩ರ ಆ ಕಾದಂಬರಿಯಲ್ಲಿ ದುಡಿಯ ನಾದವನ್ನು ಓದುಗ ತನ್ನ ಕಲ್ಪನೆಯಿಂದಲೇ ತುಂಬಿಕೊಳ್ಳಬೇಕು. ತುಳುನಾಡಿನವನಿಗೆ ಅದು ಸುಲಭ. ಸೊಲ್ಲಾಪುರದ ಅಥವಾ ಹೊಸೂರಿನ ಓದುಗನಿಗೆ ದುಡಿ ಒಂದು ಪದ ಮಾತ್ರ. ಬಿ. ವಿ. ಕಾರಂತರ ಚಿತ್ರದಲ್ಲಿ ಎಂ. ವಿ. ವಾಸುದೇವರಾಯರ ಕೈಯಲ್ಲಿ ಆ ದುಡಿ ನಿಜವಾಗಿಯೂ ನುಡಿಯುತ್ತದೆ. ಸ್ವಂತ ಹೊಲವನ್ನು ಉಳುವ ಆಸೆ ಕೈಗೂಡದ ಚೋಮನ ಸಿಟ್ಟು, ಸಂಕಟ, ಮರೆವು ಎಲ್ಲವೂ ಆ ಬಡಿತದಲ್ಲಿವೆ. ಇಲ್ಲಿ ಚಿತ್ರವು ಪುಸ್ತಕಕ್ಕೆ ಅರ್ಥ ಹೇಳಿದೆ ಎನ್ನಬಹುದು, ಅರ್ಥಧಾರಿ ಪದ್ಯಕ್ಕೆ ಹೇಳುವಂತೆ.

ತ. ರಾ. ಸು. ಅವರ ಎರಡು ಕೃತಿಗಳ ಕಥೆ ಇನ್ನೂ ಬೋಧಪ್ರದವಾಗಿದೆ. ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’ ಎಂಬ ಮೂರು ಕಾದಂಬರಿಗಳನ್ನು ಸೇರಿಸಿ ಪುಟ್ಟಣ್ಣ ಕಣಗಾಲರು ೧೯೭೨ರಲ್ಲಿ ‘ನಾಗರಹಾವು’ ಚಿತ್ರ ಮಾಡಿದರು. ಚಿತ್ರ ಜನಪ್ರಿಯವಾಯಿತು, ಕಾದಂಬರಿಕಾರರಿಗೆ ಮಾತ್ರ ಅದು ತೃಪ್ತಿ ಕೊಡಲಿಲ್ಲವೆಂಬುದು ಪ್ರಸಿದ್ಧವಾದ ಸಂಗತಿ. ಇಂದು ರಾಮಾಚಾರಿ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ವಿಷ್ಣುವರ್ಧನರ ಮುಖ. ಓದುಗನೊಬ್ಬ ತಾನೇ ಕಲ್ಪಿಸಿಕೊಳ್ಳಬಹುದಾಗಿದ್ದ ಮುಖವನ್ನು ತೆರೆ ಒಮ್ಮೆಗೇ ಗೊತ್ತುಮಾಡಿಬಿಟ್ಟಿತು. ಇದು ಚಿತ್ರವು ಓದಿನಿಂದ ಪಡೆಯುವ ಸುಂಕ.

ಅವರ ‘ಹಂಸಗೀತೆ’ ಎರಡು ಸಾರಿ ತೆರೆಗೆ ಬಂತು. ೧೯೫೬ರಲ್ಲಿ ಅದನ್ನು ಆಧರಿಸಿ ಹಿಂದಿಯಲ್ಲಿ ‘ಬಸಂತ್ ಬಹಾರ್’ ಬಂದಾಗ ಗದಗಿನ ಕಡೆಯ ಭೀಮಸೇನ ಜೋಶಿಯವರು ಮನ್ನಾ ಡೇಯವರೊಡನೆ ಅದರಲ್ಲಿ ಹಾಡಿದರು. ೧೯೭೫ರಲ್ಲಿ ಜಿ. ವಿ. ಅಯ್ಯರ್ ಅವರು ಕನ್ನಡದಲ್ಲಿ ಅದೇ ಹೆಸರಿನ ಚಿತ್ರ ಮಾಡಿದಾಗ ಕಥೆ ಚಿತ್ರದುರ್ಗದ ಕಲ್ಲಿಗೂ ಕರ್ಣಾಟಕ ಸಂಗೀತಕ್ಕೂ ಮರಳಿತು. ಅದರಲ್ಲಿ ಹಾಡಿದ ಬಾಲಮುರಳಿಕೃಷ್ಣ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಒಂದೇ ಪುಸ್ತಕ, ಎರಡು ಚಿತ್ರ, ಎರಡು ಸಂಗೀತಪದ್ಧತಿ. ಚಿತ್ರಗಳು ತಮ್ಮ ತಮ್ಮ ಕಾಲಕ್ಕೆ, ಜನಕ್ಕೆ ತಕ್ಕಂತೆ ಬೇರೆಬೇರೆಯಾಗುತ್ತವೆ. ಮೂಲ ಮಾತ್ರ ಇದ್ದಲ್ಲಿಯೇ ಇದ್ದು ಎಲ್ಲಕ್ಕೂ ಅಳತೆಗೋಲಾಗುತ್ತದೆ. ಮೂಲವನ್ನು ಓದುವವರೇ ಇಲ್ಲದಿದ್ದರೆ ಆ ಅಳತೆಗೋಲು ಕೈಬಿಟ್ಟುಹೋಗುತ್ತದೆ.

ಚಿತ್ರ ಓದುಗನನ್ನು ತರಬಲ್ಲುದೆ?

ತರಬಲ್ಲುದು, ಆದರೆ ಒಂದು ನಿಯಮಕ್ಕೆ ಒಳಪಟ್ಟು. ಚಿತ್ರ ನೋಡಿ ಕುತೂಹಲಗೊಂಡವನ ಕೈಗೆ ಪುಸ್ತಕ ಕೂಡಲೇ ಎಟುಕಬೇಕು.

ತಮಿಳುನಾಡಿನ ನಮ್ಮ ಬಂಧುಗಳು ಕಣ್ಣಾರೆ ಕಂಡ ಉದಾಹರಣೆಯೊಂದಿದೆ. ಕಲ್ಕಿಯವರ ‘ಪೊನ್ನಿಯಿನ್ ಸೆಲ್ವನ್’ ೧೯೫೦ರಿಂದ ೧೯೫೪ರವರೆಗೆ ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದ ಐದು ಭಾಗಗಳ ಕಾದಂಬರಿ. ಅಜ್ಜ ಅಜ್ಜಿಯರು ಕಂತುಗಳನ್ನು ಕತ್ತರಿಸಿ, ಹೊಲಿದು, ಜೋಪಾನ ಮಾಡಿಟ್ಟುಕೊಂಡಂಥ ಕೃತಿ. ಮಣಿರತ್ನಂ ಅವರ ಚಿತ್ರ ೨೦೨೨ ಮತ್ತು ೨೦೨೩ರಲ್ಲಿ ಎರಡು ಭಾಗಗಳಾಗಿ ಬಂದಾಗ ಮೊಮ್ಮಕ್ಕಳು ಅದನ್ನು ಕೇಳಿಕೊಂಡು ಪುಸ್ತಕದಂಗಡಿಗೆ ಹೋದರು. ಅಂಗಡಿಯಲ್ಲಿ ಪುಸ್ತಕವಿತ್ತು, ಹಲವು ಪ್ರಕಾಶಕರ ಅಗ್ಗದ ಮುದ್ರಣಗಳೂ ಇದ್ದವು. ಚಿತ್ರ ಕರೆದಾಗ ಪುಸ್ತಕ ಓಗೊಟ್ಟಿತು.

ನಮ್ಮಲ್ಲಿ ಇದಕ್ಕಿಂತ ವಿಶೇಷವಾದ ಪ್ರಸಂಗವೊಂದು ನಡೆದಿದೆ. ಪೂರ್ಣಚಂದ್ರ ತೇಜಸ್ವಿಯವರ ಕಥೆಯನ್ನು ಆಧರಿಸಿದ ‘ಡೇರ್ ಡೆವಿಲ್ ಮುಸ್ತಾಫಾ’ ೨೦೨೩ರಲ್ಲಿ ತೆರೆಕಂಡಿತು. ಅದಕ್ಕೆ ಹಣ ಹೂಡಿದವರು ತೇಜಸ್ವಿಯವರ ಓದುಗರೇ. ಅನೇಕರು ಸೇರಿ ಕೈಗೂಡಿಸಿ ಚಿತ್ರ ಮಾಡಿಸಿದರು. ಓದುವವರಿದ್ದರೆ ಚಿತ್ರವೂ ಹುಟ್ಟುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಇನ್ನು ಓಗೊಡದ ಪುಸ್ತಕಗಳ ಸಂಗತಿ. ಚಿತ್ರದಿಂದ ಹೆಸರು ಮನೆಮಾತಾದ ಕಾದಂಬರಿಯನ್ನು ಕೇಳಿಕೊಂಡು ಗಡಿಯಾಚೆಯ ಯಾವುದೇ ಸಣ್ಣ ಪೇಟೆಯ ಅಂಗಡಿಗೆ ಹೋದರೆ ಸಿಗುವುದು ದುರ್ಲಭ. ಕುತೂಹಲಕ್ಕೆ ಆಯುಸ್ಸು ಕಡಿಮೆ. ಎರಡು ವಾರ ಕಾದ ಮೇಲೆ ಅದು ಬೇರೊಂದು ಚಿತ್ರದ ಕಡೆ ಹೊರಳುತ್ತದೆ.

ಗಡಿನಾಡಿನ ವಿಶೇಷ ಸ್ಥಿತಿ

ಒಳನಾಡಿನ ಹುಡುಗ ಸಿನಿಮಾ ನೋಡಿ ಕಾದಂಬರಿ ಓದದೆ ಹೋದರೆ ಒಂದು ಕಾದಂಬರಿಯ ಸವಿ ತಪ್ಪುತ್ತದೆ, ಅಷ್ಟೆ. ಕನ್ನಡದ ಅಕ್ಷರ ಅವನಿಗೆ ಬಸ್ಸಿನ ಹಲಗೆಯಲ್ಲಿ, ಅಂಗಡಿಯ ಹೆಸರಿನಲ್ಲಿ, ಸರಕಾರದ ಅರ್ಜಿಯಲ್ಲಿ ದಿನವೂ ಸಿಗುತ್ತದೆ. ಅಕ್ಕಲಕೋಟೆಯ, ತಾಳವಾಡಿಯ, ಮಡಕಶಿರದ ಮಗುವಿಗೆ ಹಾಗಲ್ಲ. ಅದರ ಸುತ್ತಲಿನ ಹಲಗೆಗಳಲ್ಲಿ ಹೆಚ್ಚಿನವು ಬೇರೆ ಲಿಪಿಯವು. ಆ ಮಗು ಮನೆಯಲ್ಲಿ ಕನ್ನಡ ಮಾತಾಡುತ್ತದೆ, ಕನ್ನಡ ಚಿತ್ರ ನೋಡುತ್ತದೆ, ಹಾಡು ಗುನುಗುತ್ತದೆ. ಇದನ್ನು ಕಂಡು ಕನ್ನಡ ಉಳಿದಿದೆ ಎಂದು ನಾವು ಸಮಾಧಾನಪಟ್ಟುಕೊಳ್ಳುತ್ತೇವೆ. ಉಳಿದಿರುವುದು ಕೇಳುವ ಕನ್ನಡ. ಓದುವ ಕನ್ನಡ ಬೇರೆ. ಚಲಚ್ಚಿತ್ರಕ್ಕೆ ಅಕ್ಷರದ ಹಂಗಿಲ್ಲ. ನಿರಕ್ಷರನೂ ಅದನ್ನು ಸವಿಯಬಲ್ಲ. ಅದು ಚಿತ್ರದ ದೊಡ್ಡ ಗುಣ. ಅದೇ ಗುಣದಿಂದಾಗಿ ಅದು ಅಕ್ಷರವನ್ನು ಕಾಪಾಡಲಾರದು. ಆ ಕೆಲಸ ಪುಸ್ತಕಕ್ಕೆ ಮಾತ್ರ ಸಾಧ್ಯ.

ಲಿಪಿ ಮರೆತ ಮನೆಯಲ್ಲಿ ಭಾಷೆ ಒಂದು ತಲೆಮಾರು ಮಾತಿನಲ್ಲಿ ಇರಬಹುದು. ಆ ಮನೆಯ ಮಕ್ಕಳಿಗೆ ಅಜ್ಜನ ಪತ್ರ, ಊರಿನ ಶಾಸನ, ಮನೆಯ ಹಳೆಯ ಕಾಗದಪತ್ರ ಎಲ್ಲವೂ ಮೂಕವಾಗುತ್ತವೆ.

ಇದಕ್ಕೆ ನಮ್ಮದೇ ನೆಲದ ಒಂದು ನಿದರ್ಶನವಿದೆ. ಕಾಸರಗೋಡು ಸೀಮೆಯ ಕಯ್ಯೂರಿನಲ್ಲಿ ೧೯೪೧ರಲ್ಲಿ ನಡೆದ ರೈತ ಹೋರಾಟ, ೧೯೪೩ರಲ್ಲಿ ಕಣ್ಣೂರು ಸೆರೆಮನೆಯಲ್ಲಿ ನಾಲ್ವರಿಗಾದ ಗಲ್ಲು ಚರಿತ್ರೆಗೆ ಸೇರಿದ ಸಂಗತಿಗಳು. ನಿರಂಜನರು ಅದನ್ನು ವಸ್ತುವಾಗಿಸಿ ೧೯೫೫ರಲ್ಲಿ ‘ಚಿರಸ್ಮರಣೆ’ಯನ್ನು ಕನ್ನಡದಲ್ಲಿ ಬರೆದರು. ಹಳ್ಳಿಯ ಹುಡುಗರ ಕಣ್ಣು ತೆರೆಸುವ ಶಾಲಾಮಾಸ್ತರರ ಪಾತ್ರ ಅದರಲ್ಲಿ ಮುಖ್ಯವಾದದ್ದು. ಉಪಾಧ್ಯಾಯರು ಓದಲೇಬೇಕಾದ ಪುಸ್ತಕ. ಅದು ಮಲೆಯಾಳಕ್ಕೂ ಅನುವಾದವಾಗಿ ಅಲ್ಲಿ ಬಹಳ ಮಂದಿ ಓದಿದರು. ೧೯೮೬ರಲ್ಲಿ ಲೆನಿನ್ ರಾಜೇಂದ್ರನ್ ಅವರು ಇದೇ ಘಟನೆಯ ಮೇಲೆ ‘ಮೀನಮಾಸತ್ತಿಲೆ ಸೂರ್ಯನ್’ ಎಂಬ ಮಲೆಯಾಳ ಚಿತ್ರ ಮಾಡಿದರು. ಚಿತ್ರ ನೋಡಿದ ಕನ್ನಡದ ಹುಡುಗನಿಗೆ ಈ ಕಥೆ ತನ್ನ ಭಾಷೆಯಲ್ಲಿ ಮೂವತ್ತು ವರ್ಷ ಮೊದಲೇ ಕಾದಂಬರಿಯಾಗಿತ್ತು ಎಂದು ಹೇಳುವವರಾರು? ತೆರೆ ಅದನ್ನು ಹೇಳುವುದಿಲ್ಲ. ಕನ್ನಡ ಓದಲು ಬಾರದಿದ್ದರೆ, ಹೇಳಿದರೂ ಪ್ರಯೋಜನವಿಲ್ಲ.

೨೦೧೮ರಲ್ಲಿ ಬಂದ ‘ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಕಾಸರಗೋಡು’ ಎಂಬ ಚಿತ್ರವನ್ನು ನಮ್ಮಲ್ಲಿ ಹೆಚ್ಚಿನವರು ನೋಡಿದ್ದೇವೆ. ಮುಚ್ಚಿಹೋಗಲಿದ್ದ ಗಡಿನಾಡಿನ ಕನ್ನಡ ಶಾಲೆಯೊಂದರ ಕಥೆ ಕರ್ನಾಟಕದುದ್ದಕ್ಕೂ ಜನರ ಮನಸ್ಸನ್ನು ಮುಟ್ಟಿತು. ಮಕ್ಕಳ ಚಿತ್ರವೆಂದು ರಾಷ್ಟ್ರಪ್ರಶಸ್ತಿಯನ್ನೂ ಪಡೆಯಿತು. ನಮ್ಮ ಕಷ್ಟವನ್ನು ಅಷ್ಟು ಜನಕ್ಕೆ ಮುಟ್ಟಿಸುವ ಶಕ್ತಿ ಯಾವ ಮನವಿಪತ್ರಕ್ಕೂ ಇರಲಿಲ್ಲ. ಇದು ಚಿತ್ರದ ಉಪಕಾರ, ಅದನ್ನು ನೆನೆಯಬೇಕು. ಆದರೆ ತೆರೆಯ ಮೇಲಿನ ಶಾಲೆ ಎರಡೂವರೆ ಗಂಟೆಯಲ್ಲಿ ಉಳಿಯಿತು. ನೆಲದ ಮೇಲಿನ ಶಾಲೆ ಉಳಿಯಬೇಕಾದರೆ ಪ್ರತಿವರ್ಷವೂ ಒಂದನೆಯ ತರಗತಿಗೆ ಕನ್ನಡದ ವರ್ಣಮಾಲೆಯನ್ನು ಹಿಡಿದು ಮಕ್ಕಳು ಬರಬೇಕು.

ಉಪಾಧ್ಯಾಯರು ಮಾಡಬಹುದಾದದ್ದು

ಸಿನಿಮಾವನ್ನು ಬಯ್ಯುವುದರಿಂದ ಮಗು ಅದನ್ನು ಬಿಡುವುದಿಲ್ಲ. ಕೇಳುವ ಕನ್ನಡದಿಂದ ಓದುವ ಕನ್ನಡಕ್ಕೆ ಸೇತುವೆ ಕಟ್ಟುವುದೇ ವಿವೇಕದ ದಾರಿ. ಅದಕ್ಕೆ ಮೂರು ಉಪಾಯಗಳನ್ನು ಸೂಚಿಸಬಹುದು.

ಮೊದಲನೆಯದು, ಚಿಕ್ಕ ಕೃತಿಯನ್ನು ಆರಿಸುವುದು. ತೇಜಸ್ವಿಯವರ ‘ಅಬಚೂರಿನ ಪೋಸ್ಟಾಫೀಸು’ ಕಥಾಸಂಕಲನ ಇದಕ್ಕೆ ಹೇಳಿಮಾಡಿಸಿದಂತಿದೆ. ಆ ಒಂದೇ ಪುಸ್ತಕದಿಂದ ‘ಅಬಚೂರಿನ ಪೋಸ್ಟಾಫೀಸು’, ‘ತಬರನ ಕಥೆ’, ‘ಕುಬಿ ಮತ್ತು ಇಯಾಲ’, ‘ಡೇರ್ ಡೆವಿಲ್ ಮುಸ್ತಾಫಾ’ ಎಂಬ ನಾಲ್ಕು ಚಿತ್ರಗಳು ಬಂದಿವೆ. ಶಾಲೆಯ ಕಪಾಟಿನಲ್ಲಿ ಒಂದು ಪುಸ್ತಕವಿದ್ದರೆ ನಾಲ್ಕು ಚಿತ್ರಗಳ ಮೂಲ ಕೈಯಲ್ಲಿದ್ದಂತೆ. ‘ತಬರನ ಕಥೆ’ಯನ್ನು ಕೆಲವೇ ಪಿರಿಯಡ್ಡುಗಳಲ್ಲಿ ಗಟ್ಟಿಯಾಗಿ ಓದಿಸಬಹುದು. ಪಿಂಚಣಿಗಾಗಿ ಕಛೇರಿಯಿಂದ ಕಛೇರಿಗೆ ಅಲೆಯುವ ತಬರನ ಪಾಡು ಮಕ್ಕಳಿಗೂ ತಿಳಿಯುವಂಥದು. ಓದು ಮುಗಿದ ಮೇಲೆ ಗಿರೀಶ ಕಾಸರವಳ್ಳಿಯವರ ಚಿತ್ರವನ್ನು ತೋರಿಸಿ, ಮೂರು ಪ್ರಶ್ನೆ ಕೇಳಬೇಕು: ಚಿತ್ರ ಏನನ್ನು ಬಿಟ್ಟಿತು? ಏನನ್ನು ಸೇರಿಸಿತು? ನೀನು ಕಲ್ಪಿಸಿಕೊಂಡಿದ್ದ ತಬರ ಹೇಗಿದ್ದ? ಮೂರನೆಯ ಪ್ರಶ್ನೆಗಾಗಿಯೇ ಓದು ಮೊದಲು, ನೋಟ ಅನಂತರ ಇರಬೇಕು. ಕಲ್ಪನೆಗೆ ಅವಕಾಶ ಸಿಗುವುದು ಆಗಲೇ.

ಎರಡನೆಯದು, ಅಡಿಬರಹ. ಕನ್ನಡ ಮಾತಿಗೆ ಕನ್ನಡದಲ್ಲೇ ಅಡಿಬರಹ ಹಾಕುವುದು. ಚಿತ್ರಗೀತೆಗಳಿಗೆ ಅದೇ ಭಾಷೆಯ ಅಕ್ಷರವನ್ನು ತೆರೆಯ ಕೆಳಗೆ ತೋರಿಸಿದರೆ ಅರೆಬರೆ ಅಕ್ಷರ ಬಲ್ಲವರ ಓದು ಸುಧಾರಿಸುತ್ತದೆಯೆಂಬ ವಿಚಾರವನ್ನು ಅಹಮದಾಬಾದಿನ ಐ.ಐ.ಎಂ. ಸಂಸ್ಥೆಯಲ್ಲಿ ಬೃಜ್ ಕೊಠಾರಿಯವರು ೧೯೯೬ರಿಂದ ಪ್ರಯೋಗಕ್ಕೆ ತಂದರು. ದೂರದರ್ಶನದ ಗೀತಕಾರ್ಯಕ್ರಮಗಳಲ್ಲಿ ಅದನ್ನು ಅಳವಡಿಸಿಯೂ ನೋಡಲಾಯಿತು. ಇದರ ತತ್ತ್ವ ಸರಳ. ಹಾಡು ಮಗುವಿಗೆ ಬಾಯಿಪಾಠವಾಗಿದೆ. ಕಿವಿಗೆ ಗೊತ್ತಿರುವ ಪದದ ರೂಪವನ್ನು ಕಣ್ಣು ತಾನಾಗಿ ಗುರುತಿಸಿಕೊಳ್ಳುತ್ತದೆ. ಗಡಿನಾಡಿನ ಮಗುವಿನ ಸ್ಥಿತಿ ಸರಿಯಾಗಿ ಇದೇ ಅಲ್ಲವೆ? ಅಡಿಬರಹ ದೊರೆಯದಿದ್ದರೆ ಚಿಂತೆಯಿಲ್ಲ. ಮಗುವಿಗೆ ಗೊತ್ತಿರುವ ಹಾಡನ್ನು ಕರಿಹಲಗೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದು, ಹಾಡುತ್ತಾ ಬೆರಳಿಟ್ಟು ಓದಿಸಿದರೂ ಅದೇ ಫಲ.

ಮೂರನೆಯದು, ಗ್ರಂಥಾಲಯ. ಸ್ವತಂತ್ರ ಭಾರತದ ಮೊದಲ ಗ್ರಂಥಾಲಯ ಕಾಯಿದೆ ೧೯೪೮ರ ಮದರಾಸು ಪ್ರಾಂತದ್ದು. ಅದರ ಹಿಂದೆ ಎಸ್. ಆರ್. ರಂಗನಾಥನ್ ಅವರ ಶ್ರಮವಿತ್ತು. ಕಾಸರಗೋಡು, ವಯನಾಡು, ನೀಲಗಿರಿ, ಹೊಸೂರು, ತಾಳವಾಡಿ, ಆದವಾನಿ, ರಾಯದುರ್ಗ, ಮಡಕಶಿರ ಇವೆಲ್ಲ ಅಂದು ಆ ಪ್ರಾಂತದಲ್ಲೇ ಇದ್ದವು. ಮುಂದೆ ಹೈದರಾಬಾದಿನಲ್ಲಿ ೧೯೫೫ರಲ್ಲಿ, ಮಹಾರಾಷ್ಟ್ರದಲ್ಲಿ ೧೯೬೭ರಲ್ಲಿ, ಕೇರಳದಲ್ಲಿ ೧೯೮೯ರಲ್ಲಿ ಇಂಥ ಕಾಯಿದೆಗಳಾದವು. ಹೀಗಾಗಿ ನಾವಿರುವ ಬಹುಭಾಗದಲ್ಲಿ ಸಾರ್ವಜನಿಕ ಗ್ರಂಥಾಲಯಕ್ಕೆ ಕಾನೂನಿನ ಆಧಾರವಿದೆ. ಅಲ್ಲಿ ಕನ್ನಡ ಪುಸ್ತಕಗಳಿಗೆ ಒಂದು ಕಪಾಟು ಬೇಕೆಂದು ಕೇಳುವುದು, ಕೇಳಿ ಪಡೆದ ಮೇಲೆ ಆ ಪುಸ್ತಕಗಳನ್ನು ಓದಿಗೆ ತೆಗೆದುಕೊಂಡು ಹೋಗುವವರನ್ನು ಕಳುಹಿಸುವುದು ನಮ್ಮ ಕೆಲಸ. ಯಾರೂ ಮುಟ್ಟದ ಕಪಾಟು ಮರುವರ್ಷ ಇರುವುದಿಲ್ಲ. ಚಿತ್ರವಾದ ಕಾದಂಬರಿಗಳನ್ನು ಆ ಕಪಾಟಿನ ಮುಂದಿನ ಸಾಲಿನಲ್ಲಿಟ್ಟರೆ ಮಕ್ಕಳ ಕೈ ಮೊದಲು ಅಲ್ಲಿಗೇ ಹೋಗುತ್ತದೆ.

ಹಿಂದಿನವರ ಗಮಕದಲ್ಲಿ ಓದುವವನೊಬ್ಬ, ಕೇಳುವವರು ಹಲವರು. ಚಿತ್ರಮಂದಿರದಲ್ಲಿ ಓದುವವನಿಲ್ಲದೆ ನೋಡುವವರು ಹಲವರು. ಗಡಿನಾಡಿನ ಶಾಲೆಯಲ್ಲಿ ಆ ಓದುವ ಒಬ್ಬನ ಸ್ಥಾನ ಉಪಾಧ್ಯಾಯರದು. ವಾರಕ್ಕೊಂದು ಪಿರಿಯಡ್ಡನ್ನು ಇದಕ್ಕೆ ಮೀಸಲಿಟ್ಟು, ಕೇಳುವ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಓದುವವರ ಸಾಲಿಗೆ ತಂದರೆ, ಆಮೇಲೆ ಅವರು ಎಷ್ಟು ಚಿತ್ರಗಳನ್ನು ನೋಡಿದರೂ ಕನ್ನಡಕ್ಕೆ ನಷ್ಟವಿಲ್ಲ.